ಬಸವಾಪಟ್ಟಣದವರೆಗೆ ಬರುವ ದೂರು: ಆನ್‌ಲೈನ್ ಶೋಷಣೆಯಿಂದ ಮಕ್ಕಳ ರಕ್ಷಣೆ

ಮೊಬೈಲ್ ಮತ್ತು ಅಂತರ್ಜಾಲದ ಮೂಲಕ ಹದಿನೆಂಟು ವರ್ಷ ತುಂಬದ ಹುಡುಗ ಹುಡುಗಿಯರನ್ನು ಲೈಂಗಿಕವಾಗಿ ಬಳಸಿಕೊಳ್ಳುವ ಎಲ್ಲ ಕೃತ್ಯಗಳೂ ಮಕ್ಕಳ ಆನ್‌ಲೈನ್ ಲೈಂಗಿಕ ಶೋಷಣೆಯೇ. ದೌರ್ಜನ್ಯವನ್ನು ಚಿತ್ರೀಕರಿಸುವುದು, ಆ ಚಿತ್ರವನ್ನು ಇಟ್ಟುಕೊಳ್ಳುವುದು, ಮಾರುವುದು, ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಇದರಲ್ಲಿ ಸೇರುತ್ತವೆ. ಸ್ನೇಹದ ಸೋಗಿನಲ್ಲಿ ಮಗುವಿನಿಂದಲೇ ಫೋಟೊ ತರಿಸಿಕೊಂಡು, ಆಮೇಲೆ ಅದನ್ನೇ ಮುಂದಿಟ್ಟು ಹಣಕ್ಕಾಗಿ ಅಥವಾ ಇನ್ನಷ್ಟು ಫೋಟೊಗಳಿಗಾಗಿ ಬೆದರಿಸುವುದೂ ಸೇರುತ್ತದೆ. ಬೇರೆ ಅಪರಾಧಗಳಿಗೆ ಒಂದು ಸ್ಥಳ, ಒಂದು ಹೊತ್ತು ಇರುತ್ತದೆ. ಇಲ್ಲಿ ಹಾಗಲ್ಲ. ಚಿತ್ರ ಪ್ರತಿ ಸಲ ಕೈ ಬದಲಿಸಿದಾಗಲೂ ಆ ಮಗುವಿನ ಮೇಲೆ ಹೊಸದೊಂದು ಅಪರಾಧ ನಡೆಯುತ್ತದೆ. ದೌರ್ಜನ್ಯ ನಡೆದದ್ದು ಒಂದು ಊರಿನಲ್ಲಿ, ಚಿತ್ರ ಉಳಿದದ್ದು ಇನ್ನೊಂದು ದೇಶದ ಸರ್ವರಿನಲ್ಲಿ, ನೋಡಿದವನು ಮೂರನೆಯ ಕಡೆ. ಹೀಗಾಗಿ ಒಂದು ಠಾಣೆಯ, ಒಂದು ಕಂಪನಿಯ ಅಥವಾ ಒಂದು ದೇಶದ ಶಕ್ತಿಗೆ ಇದು ನಿಲುಕುವುದಿಲ್ಲ.

ಸಮಸ್ಯೆಯ ಗಾತ್ರವನ್ನು ಅಂದಾಜಿಸಲು ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ಒಂದು ಸಂಸ್ಥೆಯ ಲೆಕ್ಕ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ 1984ರಲ್ಲಿ ಅಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೇಂದ್ರ, ಎನ್‌ಸಿಎಂಇಸಿ, 1998ರಿಂದ ‘ಸೈಬರ್ ಟಿಪ್‌ಲೈನ್’ ನಡೆಸುತ್ತಿದೆ. ತಮ್ಮ ಜಾಲದಲ್ಲಿ ಇಂಥ ಚಿತ್ರ ಕಂಡರೆ ಕಂಪನಿಗಳು ಅಲ್ಲಿಗೆ ವರದಿ ಕೊಡಲೇಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಗೂಗಲ್ ಎಲ್ಲವೂ ಅಮೆರಿಕದ ಕಂಪನಿಗಳಾದ್ದರಿಂದ ಇಡೀ ಜಗತ್ತಿನ ವರದಿಗಳು ಅಲ್ಲಿ ಸೇರುತ್ತವೆ. 2023ರಲ್ಲಿ ಬಂದ ಸುಮಾರು 3.62 ಕೋಟಿ ವರದಿಗಳಲ್ಲಿ 89 ಲಕ್ಷದಷ್ಟು ಭಾರತಕ್ಕೆ ಸಂಬಂಧಿಸಿದವು. ಬೇರೆ ಯಾವ ದೇಶದ್ದೂ ಅಷ್ಟಿರಲಿಲ್ಲ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಇದು ಮಕ್ಕಳ ಸಂಖ್ಯೆಯಲ್ಲ, ವರದಿಗಳ ಸಂಖ್ಯೆ. ಒಂದೇ ವಿಡಿಯೊವನ್ನು ಸಾವಿರ ಜನ ಹಂಚಿದರೆ ಸಾವಿರ ವರದಿಗಳಾಗಬಹುದು. 2024ರಲ್ಲಿ ಜಾಗತಿಕ ಒಟ್ಟು 2.05 ಕೋಟಿಗೆ ಇಳಿಯಿತು. ಒಂದೇ ಘಟನೆಯ ವರದಿಗಳನ್ನು ಒಟ್ಟುಗೂಡಿಸುವ ಹೊಸ ಕ್ರಮ ಬಂದದ್ದು, ಸಂದೇಶಗಳಿಗೆ ಗೂಢಲಿಪಿಯ ಬೀಗ ಬಿದ್ದದ್ದು ಆ ಇಳಿಕೆಯ ಹಿಂದಿವೆ. ಮಕ್ಕಳು ಸುರಕ್ಷಿತರಾದರು ಎಂದು ಅದರಿಂದ ತೀರ್ಮಾನಿಸುವಂತಿಲ್ಲ.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ ಬಸವಾಪಟ್ಟಣದಂಥ ಊರುಗಳು ಈ ಲೆಕ್ಕದಿಂದ ದೂರ ಉಳಿದಿವೆ ಎಂದುಕೊಳ್ಳುವುದಕ್ಕೆ ಈಗ ಆಧಾರವಿಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆ, ಅಡಿಕೆ ತೋಟಗಳ ಈ ಸೀಮೆಯಲ್ಲಿ 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲ್, ಬಾಗಿಲು ತೆರೆದ ಮೇಲೂ ಅಲ್ಲೇ ಉಳಿಯಿತು. ಅಪ್ಪ ಅಮ್ಮ ತೋಟದಲ್ಲೋ ಕೂಲಿಯಲ್ಲೋ ಇರುವ ಹೊತ್ತಿನಲ್ಲಿ, ಅವರಿಗಿಂತ ಚೆನ್ನಾಗಿ ಫೋನ್ ಬಲ್ಲ ಮಗು ಒಂಟಿಯಾಗಿ ಅದರೊಳಗಿರುತ್ತದೆ.

ಬಲೆ ಬೀಸುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಆಟದ ಆ್ಯಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಪರಿಚಯ, ತನ್ನದೇ ವಯಸ್ಸಿನವರೆಂದು ನಂಬಿಸುವ ಫೋಟೊ, ಹೊಗಳಿಕೆ, ಮನೆಯವರ ಮೇಲಿನ ಮುನಿಸನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ನಟನೆ, ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂಬ ಗುಟ್ಟು. ಒಂದು ಫೋಟೊ ಹೋದ ಕ್ಷಣವೇ ಮಾತಿನ ಧಾಟಿ ಬದಲಾಗುತ್ತದೆ. ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ, ಹಣದ ಬೇಡಿಕೆ ಬರುತ್ತದೆ. ಹಣಕ್ಕಾಗಿ ಬೆದರಿಸುವ ಈ ಬಗೆಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು ಹದಿಹರೆಯದ ಹುಡುಗರು ಎಂದು ಎನ್‌ಸಿಎಂಇಸಿ ವರ್ಷಗಳಿಂದ ಎಚ್ಚರಿಸುತ್ತಿದೆ. ಗಂಡುಮಕ್ಕಳ ಬಗ್ಗೆ ಮನೆಗಳಲ್ಲಿ ಈ ಆತಂಕವೇ ಇರುವುದಿಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಅಪಾಯ ಯಾವಾಗಲೂ ದೂರದ ಅಪರಿಚಿತನಿಂದಲೇ ಬರುವುದೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಪ್ರಕರಣಗಳ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ. 2025ರ ಜನವರಿಯಲ್ಲಿ ಚನ್ನಗಿರಿ ಪಟ್ಟಣದ ವ್ಯಾಪಾರಿಯೊಬ್ಬನನ್ನು ಪೊಲೀಸರು ಬಂಧಿಸಿದರು. ಹೆಣ್ಣುಮಕ್ಕಳನ್ನು, ಅವರಲ್ಲಿ ಅಪ್ರಾಪ್ತ ವಯಸ್ಸಿನವರನ್ನೂ, ಲೈಂಗಿಕವಾಗಿ ಶೋಷಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದ ಎಂಬುದು ಆರೋಪ. ಪ್ರಕರಣ ಹೊರಬಿದ್ದದ್ದು ವಿಡಿಯೊಗಳು ಫೋನಿನಿಂದ ಫೋನಿಗೆ ಹರಿದಾಡಿದ ಮೇಲೆ. ಆರೋಪಿಯ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಇಂಥ ವಿಡಿಯೊವನ್ನು ‘ನೋಡಿ, ಏನಾಗಿದೆ’ ಎಂದು ಮುಂದಕ್ಕೆ ಕಳಿಸುವ ಪ್ರತಿಯೊಬ್ಬರೂ, ಉದ್ದೇಶ ಕನಿಕರವೇ ಆಗಿದ್ದರೂ, ಆ ಮಗುವಿಗೆ ಮತ್ತೊಮ್ಮೆ ಅದೇ ಗಾಯ ಮಾಡುತ್ತಾರೆ.

ಕಾನೂನೂ ಇದನ್ನು ಹಾಗೆಯೇ ಕಾಣುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 2009ರ ಅಕ್ಟೋಬರ್‌ನಿಂದ ಜಾರಿಗೆ ಬಂದ 67ಬಿ ಕಲಮಿನ ಪ್ರಕಾರ ಮಕ್ಕಳ ಲೈಂಗಿಕ ಚಿತ್ರಗಳನ್ನು ಪ್ರಕಟಿಸುವುದು, ಕಳಿಸುವುದು ಮಾತ್ರವಲ್ಲ, ಹುಡುಕುವುದು, ಸಂಗ್ರಹಿಸುವುದು, ಡೌನ್‌ಲೋಡ್ ಮಾಡುವುದೂ ಅಪರಾಧ. ಮೊದಲ ಸಲ ಸಾಬೀತಾದರೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ ಮಗುವನ್ನು ಇಂಥ ಚಿತ್ರಕ್ಕೆ ಬಳಸಿಕೊಂಡವರಿಗೆ ಕನಿಷ್ಠ 5 ವರ್ಷದ ಸಜೆ ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ, ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಸೃಷ್ಟಿಯ ಚಿತ್ರವೂ ಅದರ ವ್ಯಾಪ್ತಿಗೆ ಬಂದಿದೆ. ಸಹಪಾಠಿಯ ಮುಖವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ ಬೆತ್ತಲೆ ದೇಹಕ್ಕೆ ಅಂಟಿಸುವ ಹುಡುಗರಿಗೆ ಇದು ತಮಾಷೆಯಲ್ಲ, ಪೋಕ್ಸೊ ಪ್ರಕರಣ ಎಂಬುದು ತಿಳಿದಿರುವುದಿಲ್ಲ.

ನೋಡುವುದಷ್ಟೇ ಅಪರಾಧವೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನಲ್ಲೇ ಎದ್ದಿತ್ತು. ಸೈಬರ್ ಟಿಪ್‌ಲೈನ್ ಮಾಹಿತಿಯಿಂದ ಬೆಂಗಳೂರಿನಲ್ಲಿ ದಾಖಲಾಗಿದ್ದ ಪ್ರಕರಣವೊಂದನ್ನು 2024ರ ಜುಲೈನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ರದ್ದುಪಡಿಸಿ, ಬರೀ ನೋಡಿದರೆ 67ಬಿ ಅನ್ವಯಿಸದು ಎಂದಿತು. ಕೆಲವೇ ದಿನಗಳಲ್ಲಿ, ಅದೇ ಕಲಮಿನ ‘ಬಿ’ ಉಪವಿಧಿ ಗಮನಕ್ಕೆ ಬಾರದೆ ಹೋಗಿತ್ತೆಂದು ಹೇಳಿ ಪೀಠವೇ ಆದೇಶವನ್ನು ಹಿಂಪಡೆಯಿತು. ಆ ವರ್ಷದ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟಿನ ಇಂಥದೇ ತೀರ್ಪನ್ನು ತಳ್ಳಿಹಾಕಿ ವಿಷಯವನ್ನು ಇತ್ಯರ್ಥಗೊಳಿಸಿತು. ಚಿತ್ರ ತನ್ನ ಬಳಿ ಬಂದ ಮೇಲೂ ಅಳಿಸದೆ, ದೂರನ್ನೂ ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಂಡರೆ ಅದು ಪೋಕ್ಸೊ 15ನೇ ಕಲಮಿನ ಅಪರಾಧ. ಎನ್‌ಸಿಎಂಇಸಿಗೆ ವರದಿ ಮಾಡಿದೆವು ಎಂದು ಕಂಪನಿಗಳು ಕೈತೊಳೆದುಕೊಳ್ಳುವಂತಿಲ್ಲ, ಪೋಕ್ಸೊ ಪ್ರಕಾರ ಇಲ್ಲಿನ ಪೊಲೀಸರಿಗೂ ತಿಳಿಸಬೇಕು ಎಂಬುದೂ ಆ ತೀರ್ಪಿನಲ್ಲಿದೆ.

ಕೋಟ್ಯಂತರ ಫೋಟೊಗಳ ನಡುವೆ ಇಂಥದೊಂದನ್ನು ಯಂತ್ರ ಹೇಗೆ ಗುರುತಿಸುತ್ತದೆ? ಇದಕ್ಕೆ ಬುನಾದಿ ಹಾಕಿದ್ದು 2009ರಲ್ಲಿ ಮೈಕ್ರೊಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕ ಹನಿ ಫರೀದ್ ಸೇರಿ ರೂಪಿಸಿದ ‘ಫೋಟೊಡಿಎನ್ಎ’. ಅದು ಚಿತ್ರವನ್ನು ಮೊದಲು ಕಪ್ಪುಬಿಳುಪಾಗಿಸಿ, ಗೊತ್ತಾದ ಒಂದೇ ಅಳತೆಗೆ ತರುತ್ತದೆ. ಅದರ ಮೇಲೆ ಚೌಕಗಳ ಜಾಲರಿ ಹಾಸಿ, ಪ್ರತಿ ಚೌಕದೊಳಗೆ ಬೆಳಕು ಯಾವ ದಿಕ್ಕಿಗೆ ಎಷ್ಟು ಬದಲಾಗುತ್ತದೆ ಎಂದು ಅಳೆಯುತ್ತದೆ. ಆ ಅಳತೆಗಳ ಅಂಕಿಗಳ ಸಾಲೇ ಚಿತ್ರದ ಹ್ಯಾಶ್, ಅದರ ಬೆರಳಚ್ಚು. ಸಾಮಾನ್ಯ ಹ್ಯಾಶ್‌ಗಳು ಚಿತ್ರದ ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯಾಗುತ್ತವೆ. ಇದು ಹಾಗಲ್ಲ. ಚಿತ್ರವನ್ನು ಕುಗ್ಗಿಸಿದರೂ, ಬಣ್ಣ ಸ್ವಲ್ಪ ಬದಲಿಸಿದರೂ ಅಂಕಿಗಳು ಹತ್ತಿರವೇ ಉಳಿಯುತ್ತವೆ. ಎನ್‌ಸಿಎಂಇಸಿ, 1996ರಿಂದ ಬ್ರಿಟನ್ನಿನಲ್ಲಿರುವ ಇಂಟರ್‌ನೆಟ್ ವಾಚ್ ಫೌಂಡೇಶನ್ ಮುಂತಾದವು ಪರಿಶೀಲಿಸಿ ಖಚಿತಪಡಿಸಿದ ಹ್ಯಾಶ್‌ಗಳ ಪಟ್ಟಿಗಳಿವೆ. ಯಾರಾದರೂ ಫೋಟೊ ಏರಿಸಿದ ಕೂಡಲೇ ಕಂಪನಿಯ ಕಂಪ್ಯೂಟರ್ ಅದರ ಅಂಕಿಗಳನ್ನು ಪಟ್ಟಿಯ ಜೊತೆ ಹೋಲಿಸುತ್ತದೆ. ಚಿತ್ರವನ್ನು ಮತ್ತೆ ಮತ್ತೆ ಮನುಷ್ಯರು ನೋಡಬೇಕಾಗಿಲ್ಲ, ಅಂಕಿಗಳಿಂದ ಚಿತ್ರವನ್ನು ಮರಳಿ ಕಟ್ಟುವುದಕ್ಕೂ ಅವಕಾಶವಿಲ್ಲದಂತೆ ಇದನ್ನು ರೂಪಿಸಲಾಗಿದೆ. ವಿಡಿಯೊಗಳಿಗೆ ಯೂಟ್ಯೂಬ್ ತನ್ನದೇ ವಿಧಾನ ಕಟ್ಟಿಕೊಂಡಿದೆ. ಫೇಸ್‌ಬುಕ್ 2019ರಲ್ಲಿ ತನ್ನ ಹೋಲಿಕೆಯ ತಂತ್ರಾಂಶವನ್ನು ಎಲ್ಲರೂ ಬಳಸುವಂತೆ ಮುಕ್ತಗೊಳಿಸಿತು.

ಈ ತಂತ್ರದ ಶಕ್ತಿಯೂ ಮಿತಿಯೂ ಒಂದೇ ಕಡೆ ಇವೆ: ಅದು ಗುರುತಿಸುವುದು ಈಗಾಗಲೇ ಪಟ್ಟಿಯಲ್ಲಿರುವ ಚಿತ್ರವನ್ನು. ನಿನ್ನೆ ರಾತ್ರಿ ಒಂದು ಮಗುವಿನಿಂದ ಬೆದರಿಸಿ ತೆಗೆಸಿದ ಫೋಟೊ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹೊಸ ಚಿತ್ರಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿವೆ, ಆದರೆ ಅವು ತಪ್ಪಬಹುದು, ಕೊನೆಗೆ ಮನುಷ್ಯರೇ ನೋಡಿ ನಿರ್ಧರಿಸಬೇಕು. ಇನ್ನೊಂದು ತೊಡಕು ಗೂಢಲಿಪಿಯದು. ಕಳಿಸಿದವರು, ಪಡೆದವರು ಬಿಟ್ಟು ಮೂರನೆಯವರು ಓದಲಾಗದ ಸಂದೇಶದೊಳಗೆ ಕಂಪನಿಯೂ ಇಣುಕಲಾರದು. ಫೋನಿನಲ್ಲೇ ಹೋಲಿಕೆ ಮಾಡುವ ಯೋಜನೆಯನ್ನು ಆ್ಯಪಲ್ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿ, ಖಾಸಗಿತನದ ಕುರಿತು ತೀವ್ರ ಆಕ್ಷೇಪ ಬಂದಾಗ ತಡೆಹಿಡಿದು, 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಖಾಸಗಿತನ ಮಕ್ಕಳಿಗೂ ಬೇಕಾದದ್ದೇ, ಹಾಗಾಗಿ ಈ ವಾದಕ್ಕೆ ಸುಲಭದ ಉತ್ತರವಿಲ್ಲ. ವಾಟ್ಸ್‌ಆ್ಯಪ್ ಸದ್ಯಕ್ಕೆ ಬೀಗವಿಲ್ಲದ ಭಾಗಗಳನ್ನು, ಅಂದರೆ ಪ್ರೊಫೈಲ್ ಚಿತ್ರ ಮತ್ತು ಗುಂಪಿನ ಚಿತ್ರಗಳನ್ನು, ಜೊತೆಗೆ ಬಳಕೆದಾರರ ದೂರುಗಳನ್ನು ಆಧರಿಸಿ ಖಾತೆಗಳನ್ನು ಮುಚ್ಚುತ್ತದೆ.

ಒಂದು ಜಾಲದಿಂದ ಹೊರಹಾಕಿದವನು ಇನ್ನೊಂದರಲ್ಲಿ ಹೊಸ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಇದನ್ನು ತಡೆಯಲು ಕಂಪನಿಗಳ ಒಕ್ಕೂಟವಾದ ಟೆಕ್ ಕೊಯಲಿಶನ್ 2023ರ ನವೆಂಬರ್‌ನಲ್ಲಿ ‘ಲ್ಯಾಂಟರ್ನ್’ ಆರಂಭಿಸಿತು. ಒಂದು ಕಂಪನಿಗೆ ಸಿಕ್ಕ ಇಮೇಲ್, ಬಳಕೆದಾರ ಹೆಸರಿನಂಥ ಸುಳಿವುಗಳು ಉಳಿದವರಿಗೂ ತಲುಪುತ್ತವೆ.

ಭಾರತದೊಳಗೆ ವರದಿ ಬರುವ ದಾರಿ ತೆರೆದದ್ದು 2019ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಎನ್‌ಸಿಎಂಇಸಿ ಜೊತೆ ಮಾಡಿಕೊಂಡ ಒಪ್ಪಂದದಿಂದ. ಸೈಬರ್ ಅಪರಾಧ ಕುರಿತ ಬುಡಾಪೆಸ್ಟ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಪ್ರತಿ ಪ್ರಕರಣಕ್ಕೂ ದೇಶದಿಂದ ದೇಶಕ್ಕೆ ಕಾನೂನು ನೆರವಿನ ಪತ್ರ ಬರೆಯುತ್ತ ಕೂತರೆ ತಿಂಗಳುಗಳೇ ಹಿಡಿಯುತ್ತವೆ. ಈ ಒಪ್ಪಂದ ಆ ಸುತ್ತುದಾರಿಯನ್ನು ತಪ್ಪಿಸಿತು. ವರದಿಯಲ್ಲಿರುವ ಐಪಿ ವಿಳಾಸ ಕರ್ನಾಟಕದ್ದಾದರೆ ಅದು ರಾಜ್ಯದ ಪೊಲೀಸರಿಗೆ, ಅಲ್ಲಿಂದ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ ಬರುತ್ತದೆ. ಬಸವಾಪಟ್ಟಣದವರ ಪಾಲಿಗೆ ಅದು ದಾವಣಗೆರೆಯಲ್ಲಿದೆ.

ಠಾಣೆಯ ಮೇಜಿನ ಮೇಲೆ ಶುರುವಾಗುವ ಕೆಲಸ ಸೂಕ್ಷ್ಮವಾದದ್ದು. ಒಂದು ಉದಾಹರಣೆ ನೋಡಬಹುದು. ಇಂಥ ವರದಿಗಳಲ್ಲಿ ಸಮಯ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಗಡಿಯಾರದ ಪ್ರಕಾರ ಇರುತ್ತದೆ. ‘ಮಾರ್ಚ್ 3, 18.50’ ಎಂದಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಆಗ ಅದು ನಮ್ಮಲ್ಲಿ ಮಾರ್ಚ್ 4ರ ನಡುರಾತ್ರಿ 12.20. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚಿರುತ್ತವೆ. ಹಾಗಾಗಿ ವಿಳಾಸದ ಜೊತೆ ಪೋರ್ಟ್ ಸಂಖ್ಯೆಯೂ ಸೆಕೆಂಡು ಸಹಿತ ಸರಿಯಾದ ಸಮಯವೂ ಇದ್ದರೆ ಮಾತ್ರ ನಿಜವಾದ ಸಿಮ್ ಸಿಗುತ್ತದೆ. ಇಲ್ಲವಾದರೆ ಪೊಲೀಸರು ಸಂಬಂಧವೇ ಇಲ್ಲದವನ ಮನೆ ಬಾಗಿಲು ತಟ್ಟುತ್ತಾರೆ, ಈ ಆರೋಪ ಒಮ್ಮೆ ತಾಗಿದರೆ ಸಣ್ಣ ಊರಿನಲ್ಲಿ ಆ ಮನೆಯವರು ತಲೆಯೆತ್ತುವುದು ಕಷ್ಟ. ತಡವೂ ಅಷ್ಟೇ ಹಾನಿಕರ, ಏಕೆಂದರೆ ದಾಖಲೆಗಳಿಗೆ ಆಯುಷ್ಯವಿದೆ. ಅಮೆರಿಕದ ಕಂಪನಿಗಳು ವರದಿಗೆ ಸಂಬಂಧಿಸಿದ ಮಾಹಿತಿಯನ್ನು 90 ದಿನ ಕಾಯ್ದಿಡಬೇಕಿತ್ತು. 2024ರ ಮೇ ತಿಂಗಳ ಕಾನೂನು ಅದನ್ನು ಒಂದು ವರ್ಷಕ್ಕೆ ಏರಿಸಿತು.

ವಶಪಡಿಸಿಕೊಂಡ ಫೋನನ್ನು ಠಾಣೆಯಲ್ಲಿ ತಡಕಾಡಿದರೆ ಸಾಕ್ಷ್ಯ ಕೆಡುತ್ತದೆ. ಪ್ರತಿ ತೆಗೆದು, ಅದರ ಹ್ಯಾಶ್ ದಾಖಲಿಸಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಇದಕ್ಕೆ ತರಬೇತಿ ಬೇಕು. 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆಯನ್ನು ಬೆಂಗಳೂರಿನಲ್ಲಿ ತೆರೆದ ರಾಜ್ಯ ಕರ್ನಾಟಕ. ಸಿಐಡಿ, ಇನ್ಫೊಸಿಸ್ ಪ್ರತಿಷ್ಠಾನ ಮತ್ತು ಡೇಟಾ ಸೆಕ್ಯುರಿಟಿ ಕೌನ್ಸಿಲ್ ಸೇರಿ ಅಲ್ಲೇ ಕಟ್ಟಿದ ಸೈಬರ್ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರ 2019ರಿಂದ ಪೊಲೀಸರಿಗೂ ಸರ್ಕಾರಿ ವಕೀಲರಿಗೂ ನ್ಯಾಯಾಧೀಶರಿಗೂ ಪಾಠ ಹೇಳುತ್ತಿದೆ. ಆ ಪಾಠ ಹೋಬಳಿ ಠಾಣೆಯವರೆಗೆ ಇಳಿಯುವುದು ಮುಖ್ಯ, ಏಕೆಂದರೆ ಹೆದರಿದ ತಾಯಿ ಮೊದಲು ಹೋಗುವುದು ದಾವಣಗೆರೆಗಲ್ಲ, ಬಸವಾಪಟ್ಟಣದ ಠಾಣೆಗೆ.

ಚಿತ್ರ ಹಂಚಿದವನನ್ನು ಹಿಡಿದ ಮಾತ್ರಕ್ಕೆ ಚಿತ್ರದಲ್ಲಿರುವ ಮಗು ಸಿಕ್ಕಿತೆಂದಲ್ಲ. ಆ ಹುಡುಕಾಟ ಬೇರೆಯದೇ ಬಗೆಯದು. ಇಂಟರ್‌ಪೋಲ್ ನಡೆಸುವ ಮಕ್ಕಳ ಲೈಂಗಿಕ ಶೋಷಣೆಯ ಅಂತರರಾಷ್ಟ್ರೀಯ ದತ್ತಸಂಚಯಕ್ಕೆ 2022ರ ಜುಲೈನಲ್ಲಿ ಸಿಬಿಐ ಮೂಲಕ ಭಾರತ 68ನೇ ದೇಶವಾಗಿ ಸೇರಿತು. ಅಲ್ಲಿ ಬೇರೆ ಬೇರೆ ದೇಶಗಳ ಪರಿಣತರು ಚಿತ್ರದಲ್ಲಿ ಮಗುವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡುತ್ತಾರೆ: ಗೋಡೆಯ ಸ್ವಿಚ್‌ಬೋರ್ಡ್ ಯಾವ ದೇಶದ ನಮೂನೆ, ಹಾಸಿಗೆಯ ಹೊದಿಕೆ ಎಲ್ಲಿ ಮಾರಾಟವಾಗುತ್ತದೆ, ಹಿನ್ನೆಲೆಯಲ್ಲಿ ಕೇಳುವ ಭಾಷೆ ಯಾವುದು, ತೂಗುಹಾಕಿದ ಸಮವಸ್ತ್ರ ಯಾವ ಶಾಲೆಯದು. ಯುರೋಪೋಲ್ 2017ರಿಂದ ಇಂಥ ವಸ್ತುಗಳನ್ನಷ್ಟೇ ಕತ್ತರಿಸಿ ತೆಗೆದು ಸಾರ್ವಜನಿಕರ ಮುಂದಿಟ್ಟು ಗುರುತಿಸಲು ಕೇಳುತ್ತಿದೆ. ಇಂಥ ಕಡೆ ಭಾಷೆ ಬಲ್ಲವರ ಮಾತಿಗೆ ತುಂಬ ಬೆಲೆಯಿದೆ. ವಿಡಿಯೊದ ಮೂಲೆಯಲ್ಲಿ ಕನ್ನಡ ಕ್ಯಾಲೆಂಡರ್ ಕಂಡರೆ, ಬಸ್ ನಿರ್ವಾಹಕ ಊರಿನ ಹೆಸರು ಕೂಗುವುದು ಕೇಳಿದರೆ, ಅದು ಹೊರದೇಶದ ಪರಿಣತನಿಗೆ ಬರೀ ಗೀಟು, ಬರೀ ಸದ್ದು. ಕನ್ನಡದ ಪೊಲೀಸನಿಗೆ ಅದೇ ದಾರಿ. 2022ರ ಸೆಪ್ಟೆಂಬರ್‌ನಲ್ಲಿ ಸಿಬಿಐ ಹಲವು ರಾಜ್ಯಗಳಲ್ಲಿ ಒಟ್ಟಿಗೆ ನಡೆಸಿದ ‘ಮೇಘಚಕ್ರ’ ಶೋಧಕ್ಕೆ ನ್ಯೂಜಿಲೆಂಡ್ ಪೊಲೀಸರ ಸುಳಿವು ಸಿಂಗಪುರದ ಇಂಟರ್‌ಪೋಲ್ ಘಟಕದ ಮೂಲಕ ಬಂದಿತ್ತು.

ಯಂತ್ರಕ್ಕೆ ಕಾಣದ್ದು ತಿಳಿಯುವುದು ಯಾರಾದರೂ ಬಾಯಿ ಬಿಟ್ಟಾಗ. ಜನ ನೇರವಾಗಿ ದೂರು ಕೊಡುವ ರಾಷ್ಟ್ರೀಯ ವ್ಯವಸ್ಥೆ ಹುಟ್ಟಿದ್ದೂ ಒಂದು ಪತ್ರದಿಂದ. ಬೆಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ‘ಪ್ರಜ್ವಲಾ’ ಸಂಸ್ಥೆ ಕಟ್ಟಿದ ಸುನೀತಾ ಕೃಷ್ಣನ್ 2015ರಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ಅತ್ಯಾಚಾರದ ವಿಡಿಯೊಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗೆ ಬರೆದರು. ಆಗ ಆ ಸ್ಥಾನದಲ್ಲಿದ್ದವರು ಕನ್ನಡಿಗರೇ ಆದ ಎಚ್.ಎಲ್. ದತ್ತು. ಸುಪ್ರೀಂ ಕೋರ್ಟ್ ಪತ್ರವನ್ನೇ ಪ್ರಕರಣವಾಗಿ ದಾಖಲಿಸಿಕೊಂಡಿತು. ಅದರ ವಿಚಾರಣೆಯ ಫಲವಾಗಿ 2018ರ ಸೆಪ್ಟೆಂಬರ್‌ನಲ್ಲಿ ಸೈಬರ್ ಅಪರಾಧ ದೂರಿನ ಪೋರ್ಟಲ್ ಆರಂಭವಾಯಿತು. ಮಕ್ಕಳ ಮತ್ತು ಮಹಿಳೆಯರ ಇಂಥ ಚಿತ್ರಗಳ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. ಫೋನ್ ಮಾಡುವವರಿಗೆ ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930, ತುರ್ತಿಗೆ 112 ಇವೆ.

ಮಗು ಹೇಳಿಕೊಂಡ ಮೊದಲ ಗಂಟೆಯಲ್ಲಿ ಮನೆಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿರುತ್ತದೆ. ಬೈದು, ಹೊಡೆದು, ಫೋನ್ ಕಿತ್ತು ಎಲ್ಲವನ್ನೂ ಅಳಿಸಿಬಿಟ್ಟರೆ ಸಾಕ್ಷ್ಯವೂ ಹೋಗುತ್ತದೆ, ಮಗು ಮತ್ತೆ ಬಾಯಿ ಬಿಡುವುದೂ ಇಲ್ಲ. ಬೆದರಿಸುವವನಿಗೆ ಹಣ ಕೊಡಬಾರದು, ಕೊಟ್ಟರೆ ಬೇಡಿಕೆ ಬೆಳೆಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಅವನ ಖಾತೆಯ ಹೆಸರು, ಫೋನ್ ಸಂಖ್ಯೆ, ಯುಪಿಐ ಗುರುತು, ಬೆದರಿಕೆಯ ಮಾತುಗಳನ್ನು ಅಳಿಸದೆ ಉಳಿಸಿಕೊಂಡು, ಆ ಫೋನನ್ನೇ ಠಾಣೆಗೆ ಒಯ್ಯಬೇಕು. ಮಗುವಿನ ಚಿತ್ರವನ್ನು ಮಾತ್ರ ಯಾರಿಗೂ, ಬಂಧುವಿಗಾಗಲಿ ಮೇಷ್ಟರಿಗಾಗಲಿ, ‘ತೋರಿಸಲು’ ಕಳಿಸಬಾರದು. ಚಿತ್ರ ಹರಡದಂತೆ ತಡೆಯಲು ಎನ್‌ಸಿಎಂಇಸಿ 2023ರಲ್ಲಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ತೆರೆದಿದೆ. ಅದು ಮಗುವಿನ ಫೋನಿನಲ್ಲೇ ಚಿತ್ರದ ಹ್ಯಾಶ್ ತಯಾರಿಸಿ ಆ ಅಂಕಿಗಳನ್ನಷ್ಟೇ ಕಂಪನಿಗಳಿಗೆ ಕೊಡುತ್ತದೆ, ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ.

ಇಂಥ ಅಪರಾಧ ತಿಳಿದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ 19ನೇ ಕಲಮು ಹೇಳುತ್ತದೆ. ಮುಚ್ಚಿಟ್ಟರೆ 6 ತಿಂಗಳವರೆಗೆ ಸಜೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಶಾಲೆಯ ಮರ್ಯಾದೆ, ಊರಿನ ಮರ್ಯಾದೆ ಎಂದು ಪಂಚಾಯಿತಿ ಕಟ್ಟೆಯಲ್ಲಿ ರಾಜಿ ಮಾಡಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಪೊಲೀಸರು ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಠಾಣೆಗೆ ಕರೆಯುತ್ತಾರೆ. ಶೌಚಾಲಯ, ಆಟದ ಮೈದಾನ, ಬಸ್ಸುಗಳ ಬೇಡಿಕೆಯ ಜೊತೆಗೆ ಮೊಬೈಲಿನ ಈ ಸಂಕಟವನ್ನೂ ಹೇಳಿಕೊಳ್ಳಲು ಇವಕ್ಕಿಂತ ಹತ್ತಿರದ ಜಾಗ ಹಳ್ಳಿಯ ಮಕ್ಕಳಿಗೆ ಸಿಗುವುದಿಲ್ಲ. ಬೇಕಿರುವುದು ಅಂಗನವಾಡಿ ಕಾರ್ಯಕರ್ತೆ, ಪಿಡಿಒ, ಮುಖ್ಯೋಪಾಧ್ಯಾಯರು, ಠಾಣಾಧಿಕಾರಿ ಒಬ್ಬರ ಸಂಖ್ಯೆ ಒಬ್ಬರಲ್ಲಿಟ್ಟುಕೊಂಡು ಮೊದಲೇ ಮಾತಾಡಿಕೊಂಡಿರುವುದು. ಮಗು ಬಂದು ನಿಂತ ಮೇಲೆ ದಾರಿ ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ.

ದೂರಿನ ನಂತರದ ಕ್ರಮ ಮಗುವಿಗೆ ಅನುಕೂಲವಾಗುವಂತೆಯೇ ಕಾನೂನಿನಲ್ಲಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯೋ, ಸಾಧ್ಯವಾದ ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರ ತೊಡದೆ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತನಿಖೆಯಿಂದ ತೀರ್ಪಿನವರೆಗೆ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ಸಮಿತಿ ಒದಗಿಸುತ್ತದೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಈ ಕೆಲಸದಲ್ಲಿ ಅನುಭವ ಪಡೆದಿದೆ, ನಿಮ್ಹಾನ್ಸ್ ಮಕ್ಕಳ ಮನಸ್ಸಿನ ಚಿಕಿತ್ಸೆಗೆ ತರಬೇತಿ ಕೊಡುತ್ತದೆ. ಪೋಕ್ಸೊ ವಿಶೇಷ ನ್ಯಾಯಾಲಯದಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವಿನ ಸಾಕ್ಷ್ಯ 30 ದಿನಗಳಲ್ಲಿ, ವಿಚಾರಣೆ ಆದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕು. ಫೋನುಗಳ ಪರೀಕ್ಷಾ ವರದಿ ಪ್ರಯೋಗಾಲಯದಲ್ಲಿ ಸರತಿ ಕಾಯುತ್ತ ಕೂತರೆ ಈ ಗಡುವು ಕಾಗದದಲ್ಲೇ ಉಳಿಯುತ್ತದೆ. ಪ್ರಯೋಗಾಲಯಗಳಿಗೆ ಜನರನ್ನೂ ಉಪಕರಣಗಳನ್ನೂ ಕೊಡುವುದು ಆದ್ದರಿಂದಲೇ ಮಕ್ಕಳ ರಕ್ಷಣೆಯ ಖರ್ಚು.

ತೀರ್ಪು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆರೋಪಿಯ ಫೋನಿನಲ್ಲಿ ಸಿಕ್ಕ ಚಿತ್ರಗಳ ಹ್ಯಾಶ್‌ಗಳು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪಟ್ಟಿಗಳಿಗೆ ಸೇರಬೇಕು. ಸೇರಿದರೆ, ಆ ಚಿತ್ರವನ್ನು ಹತ್ತು ವರ್ಷದ ನಂತರ ಯಾವ ದೇಶದಲ್ಲಿ ಯಾರು ಮತ್ತೆ ಏರಿಸಲು ಹೊರಟರೂ ಹೋಲಿಕೆ ನಡೆಸುವ ಜಾಲಗಳು ಅದನ್ನು ತಡೆಯುತ್ತವೆ, ಹೊಸ ವರದಿಯೊಂದು ಹೊರಡುತ್ತದೆ. ಸೇರದಿದ್ದರೆ, ಪ್ರಕರಣ ಗೆದ್ದ ಮಗುವಿನ ಚಿತ್ರ ಯಾವ ಯಂತ್ರಕ್ಕೂ ಗುರುತು ಸಿಗದೆ ತಿರುಗುತ್ತಲೇ ಇರುತ್ತದೆ. ತನಿಖಾಧಿಕಾರಿ ಆರೋಪಪಟ್ಟಿ ಸಲ್ಲಿಸುವ ಹೊತ್ತಿಗೇ ಈ ಕೆಲಸವನ್ನು ಮುಗಿಸಬಹುದು.